ಹಿಂದಿನ ಹಿರಿಯದು, ಈಚಿನ ಕಿರಿಯದು: ಎರಡು ಗ್ರಾಫಿಕ್ಸ್ ಕಾರ್ಡುಗಳ ತುಲನೆ

೧

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ನಾಣ್ಣುಡಿ ಕನ್ನಡಿಗರಿಗೆ ಹೊಸದಲ್ಲ. ದೊಡ್ಡದರ ಬೆಲೆ ಕಾಲಕ್ಕೆ ಕರಗದು ಎಂಬುದು ಅದರ ತಾತ್ಪರ್ಯ. ಗಣಕಯಂತ್ರಗಳ ಪೇಟೆಯಲ್ಲಿ ಈ ಮಾತು ಎಷ್ಟರಮಟ್ಟಿಗೆ ಸಲ್ಲುವುದೆಂಬ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಏಳುತ್ತಿದೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಾಗಲಿ, ದೆಹಲಿಯ ನೆಹರೂ ಪ್ಲೇಸಿನಲ್ಲಾಗಲಿ, ಚೆನ್ನೈಯ ರಿಚಿ ಸ್ಟ್ರೀಟಿನಲ್ಲಾಗಲಿ ಮಿತವಾದ ಹಣ ಹಿಡಿದು ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟ ವಿದ್ಯಾರ್ಥಿಯ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಕೆಲವು ವರ್ಷಗಳ ಹಿಂದೆ ಸರ್ವೋತ್ತಮವೆನಿಸಿ ಈಗ ಕೈ ಬದಲಾಯಿಸಿ ಬಂದಿರುವ ಹಳೆಯ ಕಾರ್ಡು ಒಂದು. ಅನಂತರದ ಪೀಳಿಗೆಯಲ್ಲಿ ಹುಟ್ಟಿದ, ಆದರೆ ತನ್ನ ಪೀಳಿಗೆಯಲ್ಲಿಯೇ ಕೆಳಗಿನ ಪಂಕ್ತಿಯಲ್ಲಿ ಕುಳಿತ ಅಗ್ಗದ ಕಾರ್ಡು ಇನ್ನೊಂದು. ಯಾವುದು ಮೇಲು?

ಈ ಪ್ರಶ್ನೆಗೆ ಒಂದೇ ಅಂಕಿಯಲ್ಲಿ ಉತ್ತರ ಹೇಳಲು ಹೊರಡುವುದೇ ತಪ್ಪು. ಕಾರ್ಡಿನ ಯೋಗ್ಯತೆಯಲ್ಲಿ ಎರಡು ಅಂಶಗಳುಂಟು: ಒಂದು ಬಲ, ಇನ್ನೊಂದು ವಿದ್ಯೆ. ಬಲವೆಂದರೆ ನಿಯತ ಕಾಲದಲ್ಲಿ ಎಷ್ಟು ಗಣಿತ ಮಾಡಬಲ್ಲುದೆಂಬುದು. ವಿದ್ಯೆಯೆಂದರೆ ಯಾವ ಯಾವ ಬಗೆಯ ಕೆಲಸವನ್ನು ಬಲ್ಲುದೆಂಬುದು. ಹಳೆಯ ಹಿರಿಯದರಲ್ಲಿ ಬಲ ಹೆಚ್ಚು, ಈಚಿನ ಕಿರಿಯದರಲ್ಲಿ ವಿದ್ಯೆ ಹೆಚ್ಚು. ಈ ಭೇದವನ್ನು ಸ್ಪಷ್ಟಪಡಿಸಲು ಎನ್‌ವಿಡಿಯಾ ಸಂಸ್ಥೆಯ ಎರಡು ಕಾರ್ಡುಗಳನ್ನು ಇಲ್ಲಿ ಎದುರುಬದುರಾಗಿರಿಸಿ ಪರಿಶೀಲಿಸಲಾಗಿದೆ: ೨೦೧೭ರ ಮಾರ್ಚಿಯಲ್ಲಿ ಹೊರಬಂದ ಜಿಟಿಎಕ್ಸ್ ೧೦೮೦ ಟಿಐ ಮತ್ತು ೨೦೨೨ರ ಜನವರಿಯಲ್ಲಿ ಹೊರಬಂದ ಆರ್‌ಟಿಎಕ್ಸ್ ೩೦೫೦.

೨

ಗ್ರಾಫಿಕ್ಸ್ ಕಾರ್ಡಿನ ಕಾರ್ಯವೇನೆಂಬುದನ್ನು ಮೊದಲು ಅರಿಯುವುದು ಲೇಸು. ಸಾಮಾನ್ಯವಾದ ಗಣಕದ ಪರದೆಯೊಂದರಲ್ಲಿ ಅಡ್ಡಲಾಗಿ ೧,೯೨೦, ಮೇಲಿನಿಂದ ಕೆಳಕ್ಕೆ ೧,೦೮೦ ಚುಕ್ಕೆಗಳಿರುತ್ತವೆ, ಒಟ್ಟು ೨೦,೭೩,೬೦೦. ಆಟದ ಚಿತ್ರವು ತಡೆಯಿಲ್ಲದೆ ಚಲಿಸುವಂತೆ ಕಾಣಲೆಂದು ಸೆಕೆಂಡಿಗೆ ೬೦ ಸಲ ಹೊಸ ಚಿತ್ರ ಬರೆಯುವುದಾದರೆ, ಪ್ರತಿ ಸೆಕೆಂಡಿಗೂ ಸುಮಾರು ೧೨ ಕೋಟಿ ೪೪ ಲಕ್ಷ ಚುಕ್ಕೆಗಳ ಬಣ್ಣವನ್ನು ನಿರ್ಣಯಿಸಬೇಕಾಗುತ್ತದೆ. ಗಣಕದ ಮುಖ್ಯ ಸಂಸ್ಕಾರಕದಲ್ಲಿ ಕೆಲಸಗಾರರು ಕೆಲವರೇ. ಒಬ್ಬೊಬ್ಬನೂ ಬಹು ನಿಪುಣ. ಗ್ರಾಫಿಕ್ಸ್ ಕಾರ್ಡಿನಲ್ಲಾದರೋ ಸಣ್ಣ ಕೆಲಸಗಾರರು ಸಾವಿರಾರು ಮಂದಿ. ಎಲ್ಲರೂ ಏಕಕಾಲದಲ್ಲಿ ಒಂದೇ ಬಗೆಯ ಲೆಕ್ಕ ಮಾಡುತ್ತಾರೆ. ಇವರಿಗೆ ‘ಕೋರ್’ಗಳೆಂದು ಹೆಸರು.

ಲೆಕ್ಕಕ್ಕೆ ಬೇಕಾದ ಸಾಮಗ್ರಿ ಕಾರ್ಡಿನ ಮೇಲೆಯೇ ಇರುವ ಸ್ಮೃತಿಕೋಶದಿಂದ, ಎಂದರೆ ಮೆಮೊರಿಯಿಂದ, ಬರಬೇಕು. ಕಣಜ ಎಷ್ಟು ದೊಡ್ಡದೆಂಬುದರಷ್ಟೇ ಅದರ ಬಾಗಿಲು ಎಷ್ಟು ಅಗಲವೆಂಬುದೂ ಮುಖ್ಯ. ಬಾಗಿಲು ಕಿರಿದಾದರೆ ಒಳಗೆ ಕಾಳು ತುಂಬಿದ್ದರೂ ಹೊರಗಿನವರು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆದುದರಿಂದ ಬಲದ ವಿಚಾರದಲ್ಲಿ ಕೋರ್‌ಗಳ ಸಂಖ್ಯೆ, ಅವುಗಳ ಗತಿ, ಮೆಮೊರಿಯ ಗಾತ್ರ, ಅಲ್ಲಿಂದ ಸಾಮಗ್ರಿ ಹರಿದುಬರುವ ವೇಗ ಈ ನಾಲ್ಕನ್ನೂ ಕೂಡಿಯೇ ನೋಡಬೇಕು.

೩

೧೦೮೦ ಟಿಐ ಹೊರಬಂದಾಗ ಅಮೆರಿಕದಲ್ಲಿ ಅದರ ಘೋಷಿತ ಬೆಲೆ ೬೯೯ ಡಾಲರ್. ೧೬ ನ್ಯಾನೊಮೀಟರ್ ವಿಧಾನದಿಂದ ತಯಾರಾದ ಅದರ ಚಿಪ್ಪಿನಲ್ಲಿ ೧,೨೦೦ ಕೋಟಿ ಟ್ರಾನ್ಸಿಸ್ಟರುಗಳಿವೆ. ಕೋರ್‌ಗಳು ೩,೫೮೪, ಮೆಮೊರಿ ೧೧ ಗಿಗಾಬೈಟ್, ಮೆಮೊರಿಯ ದಾರಿ ೩೫೨ ಬಿಟ್ಟಿನಷ್ಟು ಅಗಲ, ಸೆಕೆಂಡಿಗೆ ೪೮೪ ಗಿಗಾಬೈಟ್ ಸಾಮಗ್ರಿ ಆ ದಾರಿಯಲ್ಲಿ ಹರಿಯಬಲ್ಲುದು. ವಿದ್ಯುತ್ತಿನ ಬಳಕೆಗೆ ಗೊತ್ತುಮಾಡಿದ ಮಿತಿ ೨೫೦ ವ್ಯಾಟ್.

೩೦೫೦ರ ಘೋಷಿತ ಬೆಲೆ ೨೪೯ ಡಾಲರ್. ಅದರ ಚಿಪ್ಪು ೮ ನ್ಯಾನೊಮೀಟರ್ ವಿಧಾನದ್ದು. ಕೋರ್‌ಗಳು ೨,೫೬೦; ಮೆಮೊರಿ ೮ ಗಿಗಾಬೈಟ್; ದಾರಿಯ ಅಗಲ ೧೨೮ ಬಿಟ್; ಹರಿವು ಸೆಕೆಂಡಿಗೆ ೨೨೪ ಗಿಗಾಬೈಟ್; ವಿದ್ಯುತ್ತಿನ ಮಿತಿ ೧೩೦ ವ್ಯಾಟ್.

ಈ ಅಂಕಿಗಳನ್ನು ನೋಡಿದೊಡನೆಯೇ ಒಂದು ವಿಷಯ ಸ್ಪಷ್ಟವಾಗುತ್ತದೆ. ಐದು ವರ್ಷ ಚಿಕ್ಕದಾದ ಕಾರ್ಡು ಮೆಮೊರಿಯ ಹರಿವಿನಲ್ಲಿ ಹಳೆಯದರ ಅರ್ಧವನ್ನೂ ಮುಟ್ಟುವುದಿಲ್ಲ. ಹಳೆಯ ಪದ್ಧತಿಯಲ್ಲಿ ಚಿತ್ರ ಬರೆಯುವ ಆಟಗಳಲ್ಲಿ, ಅದರಲ್ಲಿಯೂ ಸಾಮಾನ್ಯ ಪರದೆಯ ನಾಲ್ಕರಷ್ಟು ಚುಕ್ಕೆಗಳಿರುವ ೪ಕೆ ಪರದೆಗಳಲ್ಲಿ, ೧೦೮೦ ಟಿಐ ಇಂದಿಗೂ ೩೦೫೦ನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಹೊಸದೆಂಬ ಮಾತ್ರಕ್ಕೆ ವೇಗದ್ದೆಂದು ಭಾವಿಸುವವರಿಗೆ ಇದು ಮೊದಲನೆಯ ಎಚ್ಚರಿಕೆ.

ಎರಡನೆಯ ಎಚ್ಚರಿಕೆಯೂ ಉಂಟು. ಬೇರೆ ಬೇರೆ ಪೀಳಿಗೆಗಳ ಕೋರ್‌ಗಳನ್ನು ತಲೆಯೆಣಿಕೆಯಿಂದ ಹೋಲಿಸಲಾಗದು. ೨೦೨೫ರ ಜುಲೈಯಲ್ಲಿ ಬಂದ ಆರ್‌ಟಿಎಕ್ಸ್ ೫೦೫೦ ಎಂಬ ಕಾರ್ಡಿನಲ್ಲಿಯೂ ಕೋರ್‌ಗಳು ೨,೫೬೦. ಮೆಮೊರಿ ೮ ಗಿಗಾಬೈಟ್. ಮಿತಿ ೧೩೦ ವ್ಯಾಟ್. ಘೋಷಿತ ಬೆಲೆಯೂ ೨೪೯ ಡಾಲರ್. ಇಷ್ಟೆಲ್ಲ ಸಾಮ್ಯವಿದ್ದರೂ ಅದು ೩೦೫೦ಕ್ಕಿಂತ ಬಹಳ ವೇಗದ್ದು. ಕೋರ್‌ಗಳ ಗತಿ ಏರಿದೆ, ಒಳರಚನೆ ಬದಲಾಗಿದೆ, ಮೆಮೊರಿಯ ಹರಿವು ಸೆಕೆಂಡಿಗೆ ೩೨೦ ಗಿಗಾಬೈಟಿಗೆ ಮುಟ್ಟಿದೆ. ಎಣಿಕೆ ಅದೇ, ದುಡಿಮೆ ಬೇರೆ.

೪

ಇನ್ನು ವಿದ್ಯೆಯ ವಿಚಾರ. ೨೦೧೮ರಲ್ಲಿ ಎನ್‌ವಿಡಿಯಾ ತನ್ನ ಕಾರ್ಡುಗಳ ರಚನೆಯಲ್ಲಿ ದೊಡ್ಡದೊಂದು ಮಾರ್ಪಾಟನ್ನು ಮಾಡಿತು. ‘ಆರ್‌ಟಿಎಕ್ಸ್’ ಎಂಬ ಹೆಸರು ಬಂದುದು ಆಗಲೇ. ಸಾಮಾನ್ಯ ಕೋರ್‌ಗಳ ಜೊತೆಗೆ ಎರಡು ಬಗೆಯ ವಿಶೇಷ ಘಟಕಗಳು ಚಿಪ್ಪಿನೊಳಗೆ ಸೇರಿದವು.

ಮೊದಲನೆಯದು ಬೆಳಕಿನ ಕಿರಣಗಳ ಪಥವನ್ನು ಲೆಕ್ಕ ಹಾಕುವ ಘಟಕ. ಹಳೆಯ ಪದ್ಧತಿಯಲ್ಲಿ ನೆರಳು, ಪ್ರತಿಬಿಂಬ ಮೊದಲಾದುವನ್ನು ಚಮತ್ಕಾರದಿಂದ ಹೊಂದಿಸುತ್ತಿದ್ದರು. ನೋಡುವವನ ಕಣ್ಣಿಗೆ ನಿಜವೆನಿಸಿದರೆ ಸಾಕಾಗಿತ್ತು. ಹೊಸ ಪದ್ಧತಿಯಲ್ಲಿ ಕಿರಣವು ಯಾವ ವಸ್ತುವಿಗೆ ತಗುಲಿ ಎತ್ತ ತಿರುಗುವುದೆಂಬುದನ್ನು ನಿಜವಾಗಿಯೇ ಗಣಿಸಲಾಗುತ್ತದೆ. ‘ರೇ ಟ್ರೇಸಿಂಗ್’ ಎಂಬುದು ಇದೇ. ಎರಡನೆಯದು ‘ಟೆನ್ಸರ್’ ಘಟಕ. ಅಂಕಿಗಳ ಕೋಷ್ಟಕಗಳನ್ನು ಗುಣಿಸಿ ಕೂಡಿಸುವುದೊಂದೇ ಅದರ ಕಸುಬು. ಕೃತಕ ಬುದ್ಧಿಯ ತಂತ್ರಾಂಶಗಳಿಗೆ ಬೇಕಾದುದು ಅದೇ ಗಣಿತ. ಡಿಎಲ್‌ಎಸ್‌ಎಸ್ ಎಂಬ ವಿಧಾನವು ಇದರ ನೆರವಿನಿಂದ ಕಡಮೆ ಚುಕ್ಕೆಗಳ ಚಿತ್ರವನ್ನು ಬರೆದು, ಅದನ್ನು ಹೆಚ್ಚು ಚುಕ್ಕೆಗಳ ಚಿತ್ರವನ್ನಾಗಿ ಹಿಗ್ಗಿಸಿ ತಿದ್ದುತ್ತದೆ. ಬಲ ಸಾಲದ ಕಾರ್ಡಿಗೆ ಇದೊಂದು ಊರೆಗೋಲು. ೩೦೫೦ರಲ್ಲಿ ಈ ಎರಡು ಘಟಕಗಳೂ ಇವೆ. ೧೦೮೦ ಟಿಐಯಲ್ಲಿ ಎರಡೂ ಇಲ್ಲ. ಎವಿ೧ ಎಂಬ ಹೊಸ ವಿಡಿಯೊ ಸಂಕೇತವನ್ನು ಬಿಡಿಸುವ ಶಕ್ತಿಯೂ ೩೦೫೦ಕ್ಕೆ ಉಂಟು. ೧೦೮೦ ಟಿಐ ಇರುವ ಗಣಕದಲ್ಲಿ ಆ ಹೊರೆ ಮುಖ್ಯ ಸಂಸ್ಕಾರಕದ ಮೇಲೆ ಬೀಳುತ್ತದೆ.

ಇದರಿಂದ ೩೦೫೦ ರೇ ಟ್ರೇಸಿಂಗಿನಲ್ಲಿ ಶೂರನೆಂದು ತಿಳಿಯಬಾರದು. ಅದರಲ್ಲಿರುವ ಕಿರಣಘಟಕಗಳು ೨೦ ಮಾತ್ರ. ಭಾರವಾದ ದೃಶ್ಯಗಳಲ್ಲಿ ಅದು ಏದುಸಿರು ಬಿಡುತ್ತದೆ. ಆದರೂ ಅದಕ್ಕೆ ಆ ಭಾಷೆ ಬರುತ್ತದೆ, ಹಳೆಯದಕ್ಕೆ ಬರುವುದಿಲ್ಲ. ೨೦೧೯ರ ಏಪ್ರಿಲಿನಲ್ಲಿ ಡ್ರೈವರ್ ತಂತ್ರಾಂಶದ ಮೂಲಕ ಹಳೆಯ ಕಾರ್ಡುಗಳಿಗೂ ಈ ವಿದ್ಯೆಯನ್ನು ಕಲಿಸುವ ಪ್ರಯತ್ನ ನಡೆಯಿತು. ವಿಶೇಷ ಘಟಕವಿಲ್ಲದೆ ಸಾಮಾನ್ಯ ಕೋರ್‌ಗಳಿಂದಲೇ ಆ ಕೆಲಸ ಮಾಡಿಸಿದಾಗ ೧೦೮೦ ಟಿಐಯಂಥ ಬಲಶಾಲಿಯ ವೇಗವೂ ಬಹಳವಾಗಿ ಕುಸಿಯಿತು.

೫

ವಿದ್ಯೆಯ ಈ ಕೊರತೆ ಬಹುಕಾಲ ತೊಡಕಾಗಲಿಲ್ಲ. ಆಟಗಳನ್ನು ರಚಿಸುವವರು ಹಳೆಯ ಪದ್ಧತಿಯನ್ನೂ ಹೊಸದನ್ನೂ ಜೊತೆಯಲ್ಲಿರಿಸಿದ್ದರು. ಕ್ರಮೇಣ ಆ ಔದಾರ್ಯ ಕಡಮೆಯಾಯಿತು. ೨೦೨೩ರ ಅಕ್ಟೋಬರಿನಲ್ಲಿ ಬಂದ ‘ಆಲನ್ ವೇಕ್ ೨’ ಎಂಬ ಆಟವು ‘ಮೆಶ್ ಶೇಡರ್’ ಎಂಬ ಹೊಸ ಸೌಕರ್ಯವನ್ನು ನೆಚ್ಚಿತ್ತು. ಅದಿಲ್ಲದ ೧೦೮೦ ಟಿಐ ಅಲ್ಲಿ ತೀರ ಹಿಂದುಳಿಯಿತು. ೨೦೨೪ರ ಮಾರ್ಚಿಯಲ್ಲಿ ಆಟದ ತಯಾರಕರು ತಿದ್ದುಪಡಿ ಹೊರಡಿಸಿದ ಮೇಲೆ ಅದರ ಸ್ಥಿತಿ ಬಹುಮಟ್ಟಿಗೆ ಸುಧಾರಿಸಿತು. ೨೦೨೪ರ ಡಿಸೆಂಬರಿನ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಗ್ರೇಟ್ ಸರ್ಕಲ್’, ೨೦೨೫ರ ಮೇಯ ‘ಡೂಮ್: ದಿ ಡಾರ್ಕ್ ಏಜಸ್’ ಎಂಬ ಆಟಗಳಾದರೋ ರೇ ಟ್ರೇಸಿಂಗ್ ಘಟಕವುಳ್ಳ ಕಾರ್ಡೇ ಕನಿಷ್ಠ ಅಗತ್ಯವೆಂದು ಸಾರಿದವು. ಆ ಕನಿಷ್ಠ ಪಟ್ಟಿಯಲ್ಲಿ ಹೆಸರಿಸಿರುವ ಆರ್‌ಟಿಎಕ್ಸ್ ೨೦೬೦ ಸೂಪರ್ ಎಂಬುದು ೩೦೫೦ಕ್ಕಿಂತ ವೇಗದ್ದು. ಆದುದರಿಂದ ೩೦೫೦ ಅಲ್ಲಿ ಬಾಗಿಲ ಬಳಿಯ ಅತಿಥಿ ಮಾತ್ರ. ಆದರೆ ೧೦೮೦ ಟಿಐಗೆ ಆ ಮನೆಗೆ ಆಹ್ವಾನವೇ ಇಲ್ಲ.

ಇನ್ನೂ ಗಂಭೀರವಾದುದು ಡ್ರೈವರಿನ ವಿಷಯ. ಕಾರ್ಯವ್ಯವಸ್ಥೆಗೂ ಕಾರ್ಡಿಗೂ ನಡುವೆ ದುಭಾಷಿಯಂತಿರುವ ತಂತ್ರಾಂಶವೇ ಡ್ರೈವರ್. ೧೦೮೦ ಟಿಐ ಸೇರಿರುವ ಪೀಳಿಗೆಗೆ ಹೊಸ ಆಟಗಳಿಗೆಂದು ಡ್ರೈವರ್ ಒದಗಿಸುವುದನ್ನು ೨೦೨೫ರ ಅಕ್ಟೋಬರಿಗೆ ಮುಗಿಸಿ, ಅಲ್ಲಿಂದ ೨೦೨೮ರ ಅಕ್ಟೋಬರಿನವರೆಗೆ ಮೂರು ತಿಂಗಳಿಗೊಮ್ಮೆ ಭದ್ರತೆಯ ತಿದ್ದುಪಡಿಗಳನ್ನು ಮಾತ್ರ ಕೊಡುವುದಾಗಿ ಎನ್‌ವಿಡಿಯಾ ಪ್ರಕಟಿಸಿತು. ವೈಜ್ಞಾನಿಕ ಗಣನೆಗೆ ಆಧಾರವಾದ ‘ಕೂಡಾ’ ತಂತ್ರಾಂಶದ ೧೩ನೆಯ ಆವೃತ್ತಿಯೂ ೨೦೨೫ರಲ್ಲಿ ಈ ಪೀಳಿಗೆಯನ್ನು ಕೈಬಿಟ್ಟಿತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ೧೦೮೦ ಟಿಐ ದುರ್ಬಲವಾಗಲಿಲ್ಲ. ೨೦೧೭ರಲ್ಲಿ ಸೆಕೆಂಡಿಗೆ ಎಷ್ಟು ಗಣಿತ ಮಾಡುತ್ತಿತ್ತೋ ಇಂದಿಗೂ ಅಷ್ಟೇ ಮಾಡಬಲ್ಲುದು. ಹಳಗನ್ನಡದ ಶಾಸನವೊಂದರ ಕಲ್ಲು ಸವೆಯದೆ ಅಕ್ಷರಗಳು ಸ್ಫುಟವಾಗಿಯೇ ಇದ್ದರೂ ಆ ಲಿಪಿಯನ್ನು ಓದುವವರು ವಿರಳರಾಗುವಂತೆ, ಯಂತ್ರವು ಗಟ್ಟಿಯಾಗಿಯೇ ಉಳಿದು ಅದರೊಡನೆ ಸಂಭಾಷಿಸುವ ತಂತ್ರಾಂಶ ದೂರ ಸರಿಯುತ್ತದೆ. ಯಂತ್ರದ ಆಯುಷ್ಯವನ್ನು ನಿರ್ಧರಿಸುವುದು ಲೋಹದ ಸವೆತವೊಂದೇ ಅಲ್ಲ. ತಯಾರಕರ ನಿರ್ಣಯವೂ ಹೌದು.

೬

ಹಣದ ಲೆಕ್ಕವನ್ನೂ ನೋಡತಕ್ಕದ್ದು. ಎರಡು ಕಾರ್ಡುಗಳ ವಿದ್ಯುನ್ಮಿತಿಯಲ್ಲಿ ೧೨೦ ವ್ಯಾಟ್ ಅಂತರವಿದೆ. ದಿನಕ್ಕೆ ನಾಲ್ಕು ಗಂಟೆ ಪೂರ್ಣಭಾರದಲ್ಲಿ ದುಡಿಸಿದರೆ ವರ್ಷಕ್ಕೆ ಸುಮಾರು ೧೭೫ ಯೂನಿಟ್ಟುಗಳ ವ್ಯತ್ಯಾಸ ಬೀಳುತ್ತದೆ. ಯೂನಿಟ್ಟಿಗೆ ೮ ರೂಪಾಯಿ ಎಂದು ಹಿಡಿದರೆ ೧,೪೦೦ ರೂಪಾಯಿ. ನಾಲ್ಕು ವರ್ಷಗಳಲ್ಲಿ ೫,೬೦೦ ರೂಪಾಯಿ. ಅಗ್ಗವಾಗಿ ಸಿಕ್ಕಿತೆಂದು ಕೊಂಡ ಹಳೆಯ ಕಾರ್ಡಿನ ಉಳಿತಾಯ ವಿದ್ಯುತ್ತಿನ ಬಿಲ್ಲಿನಲ್ಲಿ ಕರಗಿಹೋಗುವ ಸಂಭವವುಂಟು. ಹಳೆಯ ಕಾರ್ಡಿಗೆ ೬ ಮತ್ತು ೮ ಪಿನ್ನುಗಳ ಎರಡು ವಿದ್ಯುತ್ ಜೋಡಣೆಗಳು ಬೇಕು. ಮನೆಯ ಗಣಕದ ವಿದ್ಯುತ್ ಪೆಟ್ಟಿಗೆ ಅದಕ್ಕೆ ತಕ್ಕಷ್ಟು ಬಲವಾಗಿರಬೇಕು. ಅದನ್ನೂ ಹೊಸದಾಗಿ ಕೊಳ್ಳಬೇಕಾದರೆ ಲೆಕ್ಕವೇ ಬೇರೆಯಾಗುತ್ತದೆ.

ಕೈ ಬದಲಾಯಿಸಿದ ಕಾರ್ಡಿನ ಪೂರ್ವಚರಿತ್ರೆಯೂ ವಿಚಾರಾರ್ಹವೇ. ‘ಎಥೀರಿಯಂ’ ಎಂಬ ನಾಣ್ಯವ್ಯವಸ್ಥೆ ೨೦೨೨ರ ಸೆಪ್ಟೆಂಬರಿನಲ್ಲಿ ತನ್ನ ವಿಧಾನವನ್ನು ಬದಲಾಯಿಸುವವರೆಗೆ, ಹಗಲಿರುಳು ಅದರ ಗಣನೆಯಲ್ಲಿ ದುಡಿದ ಕಾರ್ಡುಗಳು ಅಸಂಖ್ಯ. ಅವುಗಳಲ್ಲಿ ಅನೇಕವು ಅನಂತರ ಹಳೆಯ ಸಾಮಾನಿನ ಪೇಟೆಗೆ ಬಂದವು. ಫ್ಯಾನಿನ ಸದ್ದು, ಭಾರದಲ್ಲಿ ಏರುವ ಉಷ್ಣ, ಪರದೆಯ ಮೇಲೆ ಕಾಣುವ ವಿಕಾರ ಇವನ್ನು ಅಂಗಡಿಯಲ್ಲಿಯೇ ಅರ್ಧ ಗಂಟೆ ಪರೀಕ್ಷಿಸದೆ ಹಣ ಕೊಡುವುದು ಜಾಣತನವಲ್ಲ. ೩೦೫೦ನ್ನು ಕೊಳ್ಳುವವರಿಗೂ ಒಂದು ಸೂಚನೆ: ೨೦೨೪ರ ಫೆಬ್ರುವರಿಯಲ್ಲಿ ಅದೇ ಹೆಸರಿನಿಂದ ೬ ಗಿಗಾಬೈಟಿನ ಕಾರ್ಡೊಂದು ಬಂದಿತು. ಅದರಲ್ಲಿ ಕೋರ್‌ಗಳು ೨,೩೦೪, ಮೆಮೊರಿಯ ಹರಿವು ಸೆಕೆಂಡಿಗೆ ೧೬೮ ಗಿಗಾಬೈಟ್. ೭೦ ವ್ಯಾಟಿನಲ್ಲಿ ಕೆಲಸ ಮಾಡುವುದು ಅದರ ಗುಣ. ಆದರೆ ಅದು ಇಲ್ಲಿ ಹೋಲಿಸಿದ ೩೦೫೦ ಅಲ್ಲ. ಹೆಸರನ್ನಷ್ಟೇ ನೋಡಿ ಕೊಂಡವರು ಮೋಸ ಹೋಗುತ್ತಾರೆ.

೭

ಹೀಗಿರಲು ಯಾರಿಗೆ ಯಾವುದು? ೨೦೨೩ಕ್ಕೆ ಹಿಂದಿನ ಆಟಗಳಲ್ಲಿ ಮನಸ್ಸಿಟ್ಟವರಿಗೆ, ಸುಸ್ಥಿತಿಯ ೧೦೮೦ ಟಿಐ ನಿಜವಾಗಿಯೂ ಅಗ್ಗವಾಗಿ ದೊರೆತಲ್ಲಿ, ಅದು ಇಂದಿಗೂ ಸಮರ್ಥ. ಈಗಾಗಲೇ ಅದನ್ನು ಇಟ್ಟುಕೊಂಡಿರುವವರು ೩೦೫೦ಕ್ಕಾಗಿ ಮಾರಿಬಿಡುವುದು ಬಲವನ್ನು ಕೊಟ್ಟು ವಿದ್ಯೆಯನ್ನು ಕೊಂಡಂತೆ; ಆ ವಿದ್ಯೆಯ ಅಗತ್ಯ ಬಿದ್ದಾಗಲೇ ಅದಕ್ಕೆ ಅರ್ಥ.

ಅಧ್ಯಯನಕ್ಕೆಂದು ಕೊಳ್ಳುವವರ ಮಾತು ಬೇರೆ. ಐಐಟಿ ಮದ್ರಾಸಿನ ಎಐ೪ಭಾರತ್ ತಂಡ ೨೦೨೩ರಲ್ಲಿ ಹೊರತಂದ ‘ಇಂಡಿಕ್‌ಟ್ರಾನ್ಸ್ ೨’ ಎಂಬ ಅನುವಾದದ ಮಾದರಿ ಕನ್ನಡವೂ ಸೇರಿದಂತೆ ೨೨ ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುತ್ತದೆ. ಅದರ ದೊಡ್ಡ ರೂಪದಲ್ಲಿ ೧೧೦ ಕೋಟಿ ಸಂಖ್ಯಾಮೌಲ್ಯಗಳಿವೆ. ಒಂದೊಂದಕ್ಕೆ ೧೬ ಬಿಟ್ಟಿನಂತೆ ಇರಿಸಿದರೆ ಸುಮಾರು ೨.೨ ಗಿಗಾಬೈಟ್ ಸಾಕು. ಎರಡು ಕಾರ್ಡುಗಳಲ್ಲಿಯೂ ಅದಕ್ಕೆ ಸ್ಥಳವುಂಟು. ಆದರೆ ೧೦೮೦ ಟಿಐ ೧೬ ಬಿಟ್ಟಿನ ಗಣಿತವನ್ನು ೩೨ ಬಿಟ್ಟಿನ ವೇಗದ ಅರುವತ್ತನಾಲ್ಕರಲ್ಲೊಂದು ಪಾಲಿನಷ್ಟು ವೇಗದಲ್ಲಿ ಮಾತ್ರ ಮಾಡಬಲ್ಲುದು. ೩೦೫೦ರ ಟೆನ್ಸರ್ ಘಟಕಗಳಿಗೆ ಅದೇ ಸಹಜವಾದ ಕಸುಬು. ೮ ಗಿಗಾಬೈಟಿನಲ್ಲಿ ಹಿಡಿಸದ ಮಾದರಿಗಳಿಗೆ ಹಳೆಯದರ ೧೧ ಗಿಗಾಬೈಟ್ ನೆರವಾಗಬಹುದಾದರೂ, ಹಳೆಯ ಕೂಡಾ ಆವೃತ್ತಿಗೆ ಅಂಟಿಕೊಂಡು ಕುಳಿತುಕೊಳ್ಳಬೇಕಾಗುತ್ತದೆ. ಕನ್ನಡಕ್ಕಾಗಿ ಮನೆಯಲ್ಲಿಯೇ ಇಂಥ ಪ್ರಯೋಗ ಮಾಡಬೇಕೆನ್ನುವ ತರುಣರಿಗೆ ಬಲಕ್ಕಿಂತ ವಿದ್ಯೆಯೇ ಮುಖ್ಯ.

ಆದುದರಿಂದ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಎಷ್ಟು ವೇಗದ್ದು?’ ಎಂಬುದಲ್ಲ. ಬೇಕಾದ ಕೆಲಸ ಯಾವುದು, ಆ ಕೆಲಸಕ್ಕೆ ಈ ಕಾರ್ಡಿನ ವಿದ್ಯೆ ಸಾಕೆ, ಇದರ ಡ್ರೈವರಿಗೆ ಇನ್ನೆಷ್ಟು ವರ್ಷ ತಯಾರಕರ ಪೋಷಣೆಯುಂಟು ಎಂಬ ಮೂರನ್ನು ಗೊತ್ತುಮಾಡಿಕೊಂಡ ಮೇಲೆ ವೇಗದ ವಿಚಾರ. ಈ ಕ್ರಮ ತಪ್ಪಿದರೆ ಬಲವಾದ ಯಂತ್ರವನ್ನೇ ಕೊಂಡರೂ ಬೇಕಾದ ಕೆಲಸ ನಡೆಯದೆ ಹೋಗಬಹುದು.