ಅಂಗೈಯಗಲದ ವಾತಾಪಿ
ಪುಟ್ಟ ಯೋಧನಿಗೊಂದು ಪೀಠವನ್ನು ಕಟ್ಟುವ ಬಗೆ

ಚದುರಂಗದ ಮಣೆಯ ಮೇಲೆ ಆನೆ, ಕುದುರೆ, ಕಾಲಾಳುಗಳನ್ನು ನಡೆಸಿ ಯುದ್ಧವನ್ನೇ ಆಟವಾಗಿಸಿದ ದೇಶ ನಮ್ಮದು. ಯೂರೋಪಿನಲ್ಲಿ ಈ ಆಸಕ್ತಿಯು ಬೇರೊಂದು ರೂಪವನ್ನು ತಾಳಿತು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬಾತನು ಭೂಪಟದ ಮೇಲೆ ಆಡುವ ಯುದ್ಧಕ್ರೀಡೆಯ ನಿಯಮಗಳನ್ನು ಪ್ರಕಟಿಸಿದನು. 1913ರಲ್ಲಿ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ಅಂತಹ ಕ್ರೀಡೆಯನ್ನು ಆಟಿಕೆಯ ಸಿಪಾಯಿಗಳ ಮೂಲಕ ಮನೆಯೊಳಕ್ಕೆ ತಂದನು. ಇಂದು ಹಲವು ದೇಶಗಳಲ್ಲಿ ಹವ್ಯಾಸಿಗಳು ಬೆರಳುದ್ದದ ಯೋಧರನ್ನು ಮೇಜಿನ ಮೇಲೆ ನಿಲ್ಲಿಸಿ, ಅವರ ನಡಿಗೆಯನ್ನು ಅಳತೆಪಟ್ಟಿಯಿಂದ ಅಳೆದು, ದಾಳ ಹಾಕಿ ಸೋಲು ಗೆಲವುಗಳನ್ನು ನಿರ್ಣಯಿಸುತ್ತಾರೆ.

ಇಂತಹ ಪ್ರತಿಯೊಬ್ಬ ಯೋಧನಿಗೂ ಒಂದು ಪೀಠ ಬೇಕು. ಅವನು ಉರುಳದಂತೆ ಹಿಡಿದು ನಿಲ್ಲಿಸುವುದು ಪೀಠದ ಮೊದಲನೆಯ ಕೆಲಸ. ಅವನು ಯಾವ ನೆಲದಲ್ಲಿ, ಯಾವ ಕಾಲದಲ್ಲಿ ನಿಂತಿದ್ದಾನೆಂದು ಹೇಳುವುದು ಎರಡನೆಯ ಕೆಲಸ. ಮೊದಲನೆಯದಕ್ಕೆ ಒಂದು ಹಲಗೆಯ ತುಂಡು ಸಾಕು. ಎರಡನೆಯದಕ್ಕೆ ಭೂವಿಜ್ಞಾನ, ಸಸ್ಯಶಾಸ್ತ್ರ, ಇತಿಹಾಸ ಮತ್ತು ಸ್ವಲ್ಪ ಗಣಿತ ಬೇಕಾಗುತ್ತವೆ. 642ರಲ್ಲಿ ಪಲ್ಲವ ನರಸಿಂಹವರ್ಮನು ಚಾಲುಕ್ಯರ ರಾಜಧಾನಿ ವಾತಾಪಿಯನ್ನು ಗೆದ್ದನಷ್ಟೆ. ಆ ವರ್ಷದ ಚಾಲುಕ್ಯ ಕಾಲಾಳೊಬ್ಬನನ್ನು ಬಾದಾಮಿಗೆ ಸಮೀಪದ ಚೊಳಚಗುಡ್ಡದಲ್ಲಿ, ಮಲಪ್ರಭೆಯ ದಡದ ಬಂಡೆಯೊಂದರ ಮೇಲೆ ನಿಲ್ಲಿಸಬೇಕೆಂದು ಇಟ್ಟುಕೊಳ್ಳೋಣ.

ಅರುವತ್ತರಲ್ಲಿ ಒಂದು

ಆಟದ ಯೋಧನ ಎತ್ತರ ಸಾಮಾನ್ಯವಾಗಿ 28 ಮಿಲಿಮೀಟರು. ನಿಜವಾದ ಆಳಿನ ಎತ್ತರ 170 ಸೆಂಟಿಮೀಟರು ಎಂದು ತೆಗೆದುಕೊಂಡರೆ, ಪ್ರಮಾಣವು ಅರುವತ್ತರಲ್ಲಿ ಒಂದು ಎಂದಾಗುತ್ತದೆ. 50 ಮಿಲಿಮೀಟರು ವ್ಯಾಸದ ಪೀಠವು ಈ ಲೆಕ್ಕದಲ್ಲಿ ಕೇವಲ 3 ಮೀಟರು ಅಗಲದ ನೆಲ. ಇದರಲ್ಲಿ ಕೋಟೆಯನ್ನಾಗಲಿ ಹೊಳೆಯನ್ನಾಗಲಿ ತೋರಿಸುವುದು ಅಸಾಧ್ಯ. ಒಂದು ಬಂಡೆ, ಒಂದು ಪೊದೆ, ಒಂದು ಹೊಂಡದಷ್ಟು ನೀರು. ಇಷ್ಟೇ ನಮಗೆ ದೊರೆಯುವ ಸ್ಥಳ.

ಉದ್ದವು 60 ಪಾಲು ಕಿರಿದಾದಾಗ ವಿಸ್ತೀರ್ಣವು 3,600 ಪಾಲು, ಗಾತ್ರವು 2,16,000 ಪಾಲು ಕಿರಿದಾಗುತ್ತದೆ. ಆದರೆ ಮರಳಿನ ಕಣವಾಗಲಿ ನೀರಿನ ಸ್ವಭಾವವಾಗಲಿ ನಮ್ಮ ಅಳತೆಗೆ ತಕ್ಕಂತೆ ಕುಗ್ಗುವುದಿಲ್ಲ. ಪೀಠವನ್ನು ಕಟ್ಟುವವನ ತೊಡಕುಗಳೆಲ್ಲ ಹುಟ್ಟುವುದು ಇಲ್ಲಿಯೇ.

ಅರ್ಧ ಮಿಲಿಮೀಟರಿನ ಹೊಳೆಮರಳಿನ ಕಣವೊಂದನ್ನು ಪೀಠದ ಮೇಲೆ ಅಂಟಿಸಿದರೆ, ಪುಟ್ಟ ಯೋಧನ ಪಾಲಿಗೆ ಅದು 3 ಸೆಂಟಿಮೀಟರಿನ ಕಲ್ಲು. ಮರಳು ದಂಡೆಯನ್ನು ತೋರಿಸಬೇಕೆಂದು ನಿಜವಾದ ಮರಳನ್ನೇ ಬಳಸಿದವನಿಗೆ ಜಲ್ಲಿಯ ರಾಶಿ ದೊರೆಯುತ್ತದೆ. ನುಣುಪಾದ ನೆಲ ಬೇಕಿದ್ದರೆ ಬಟ್ಟೆಯಲ್ಲಿ ಶೋಧಿಸಿದ ಮಣ್ಣಿನ ಧೂಳೇ ಆಗಬೇಕು. ಬಾದಾಮಿಯ ಮರಳುಗಲ್ಲಿನ ಚೂರಿಗೂ ಇದೇ ದೋಷವುಂಟು. ಅದರ ಕಣಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು. ಅಲ್ಲದೆ ರಕ್ಷಿತ ಸ್ಮಾರಕಗಳ ಬಳಿಯಿಂದ ಕಲ್ಲನ್ನು ತೆಗೆಯುವುದು ಸಲ್ಲದು. ನಿಜವಾದ ಕಲ್ಲೇ ಇಲ್ಲಿ ಸುಳ್ಳಾಗಿ ಕಾಣುವುದರಿಂದ, ಅದರ ಆಸೆಯನ್ನು ಬಿಡುವುದೇ ಲೇಸು.

ಬಂಡೆಯ ರಚನೆ

ಕಲ್ಲಿನ ಬದಲು ನಾವು ಬಳಸುವುದು ರಟ್ಟು. ಬಾದಾಮಿಯ ಕಲ್ಲು ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಮರಳು ಪದರ ಪದರವಾಗಿ ಕೂಡಿ ಗಟ್ಟಿಯಾದುದು. ಆದುದರಿಂದ ಅದರ ಪದರಗಳು ಬಹುಮಟ್ಟಿಗೆ ಸಮತಲವಾಗಿ ಮಲಗಿವೆ. ಮೇಲಿನಿಂದ ಕೆಳಕ್ಕೆ ನೆಟ್ಟನೆಯ ಬಿರುಕುಗಳು ಅವನ್ನು ಕತ್ತರಿಸುತ್ತವೆ. ಕೆಲವು ಪದರಗಳ ಒಳಗೆ ಓರೆಗೆರೆಗಳು ಕಾಣುತ್ತವೆ. ಇವು ಹಿಂದೆ ಹರಿವು ಮರಳನ್ನು ತಳ್ಳಿದ ದಿಕ್ಕಿನ ಗುರುತುಗಳು.

2 ಮಿಲಿಮೀಟರು ದಪ್ಪದ ರಟ್ಟನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿದು, ನಾಲ್ಕು ತುಂಡುಗಳನ್ನು ಒಂದರ ಮೇಲೊಂದು ಅಂಟಿಸಬೇಕು. ಒಂದೊಂದು ತುಂಡೂ 12 ಸೆಂಟಿಮೀಟರಿನ ಪದರವಾಗಿ, ಮೊಣಕಾಲೆತ್ತರದ ಬಂಡೆ ಸಿದ್ಧವಾಗುತ್ತದೆ. ಚೂರಿಯಿಂದ ನೆಟ್ಟನೆಯ ಬಿರುಕುಗಳನ್ನೂ ಸೂಜಿಯಿಂದ ಓರೆಗೆರೆಗಳನ್ನೂ ಗೀರಬೇಕು. ಪದರಗಳನ್ನು ಮನಬಂದಂತೆ ವಾಲಿಸಿದರೆ ಆ ಬಂಡೆ ಬೇರೆ ಯಾವುದೋ ನಾಡಿನದಾಗುತ್ತದೆ.

ಸಂದುಗಳನ್ನು ತುಂಬಲು ನಮ್ಮ ನಾಡಿನಲ್ಲಿಯೇ ಒಳ್ಳೆಯ ಮಾದರಿಯುಂಟು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಕಲೆಗಾರರು ಹುಣಸೆಬೀಜದ ಅಂಟನ್ನು ಬೆರೆಸಿದ ‘ಕಿಟ್ಟ’ವೆಂಬ ಮುದ್ದೆಯಿಂದ ಗೊಂಬೆಯ ಮೈಯನ್ನು ತಿದ್ದುತ್ತಾರೆ. ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನ ಮುದ್ದೆ ನಮ್ಮ ಕೆಲಸಕ್ಕೂ ಒದಗುತ್ತದೆ. ಆದರೆ ಹಸಿ ಮುದ್ದೆ ಒಣಗುತ್ತ ಕುಗ್ಗುವಾಗ ತನ್ನೊಡನೆ ರಟ್ಟನ್ನೂ ಎಳೆದು ಬಾಗಿಸುತ್ತದೆ. ಅದಕ್ಕಾಗಿ ಅಡಿಯಲ್ಲಿ 3 ಮಿಲಿಮೀಟರಿನ ಪ್ಲೈವುಡ್ ಬಿಲ್ಲೆಯನ್ನಿಟ್ಟು, ಅದರ ಎರಡೂ ಮುಖಗಳಿಗೆ ಮೊದಲೇ ಬಣ್ಣ ಬಳಿದಿರಬೇಕು. ಬಿಲ್ಲೆಯ ತಳಕ್ಕೆ ಕಬ್ಬಿಣದ ವಾಷರೊಂದನ್ನು ಅಂಟಿಸಿದರೆ ಗುರುತ್ವಕೇಂದ್ರವು ಕೆಳಗಿಳಿದು, ಮೇಜು ಅಲುಗಿದರೂ ಯೋಧನು ಸುಲಭವಾಗಿ ಬೀಳಲಾರನು.

ಬಣ್ಣ ಮತ್ತು ನೀರು

ಬಣ್ಣದ ವಿಷಯದಲ್ಲಿ ಮಾತ್ರ ನಿಜವಸ್ತುವೇ ಗೆಲ್ಲುತ್ತದೆ. ಬಾದಾಮಿಯ ಕಲ್ಲನ್ನು ಕೆಂಪಾಗಿಸಿರುವುದು ಕಬ್ಬಿಣದ ಆಕ್ಸೈಡು; ಮನೆಯ ಗೋಡೆಗೆ ಬಳಿಯುವ ಜಾಜಿನಲ್ಲಿರುವುದೂ ಅದೇ. ಅರೆದ ಜಾಜಿನ ಕಣಗಳು ಬಲು ಸಣ್ಣವಾದ ಕಾರಣ ಅರುವತ್ತು ಪಾಲು ಹಿಗ್ಗಿಸಿ ನೋಡಿದರೂ ಧೂಳಾಗಿಯೇ ಉಳಿಯುತ್ತವೆ. ಬಯಲಿನಲ್ಲಿ ಬಿಸಿಲು ಒಂದೇ ಕಡೆಯಿಂದ ಬಿದ್ದು ಬಿರುಕುಗಳಲ್ಲಿ ಗಾಢವಾದ ನೆರಳನ್ನು ಮೂಡಿಸುತ್ತದೆ. ಕೋಣೆಯೊಳಗಿನ ಬೆಳಕು ಎಲ್ಲ ಕಡೆಯಿಂದಲೂ ಬರುವುದರಿಂದ ನೆರಳು ಸಪ್ಪೆಯಾಗುತ್ತದೆ. ಆದುದರಿಂದ ಬಿರುಕುಗಳಿಗೆ ತೆಳುವಾದ ಕಪ್ಪು ನೀರುಬಣ್ಣವನ್ನು ಹರಿಯಬಿಟ್ಟು, ಏಣುಗಳ ಮೇಲೆ ಒಣಗಿದ ಕುಂಚದಿಂದ ತಿಳಿಬಣ್ಣವನ್ನು ಸವರಬೇಕು. ಮಳೆನೀರು ಇಳಿದ ಜಾಡಿನಲ್ಲಿ ಬಾದಾಮಿಯ ಬಂಡೆಗಳ ಮೇಲೆ ಕಾಣುವ ಕರಿಯ ಪಟ್ಟೆಗಳನ್ನೂ ಮರೆಯಬಾರದು.

ನೀರಿಗೆ ಬಂದರೆ ಮತ್ತೆ ಅದೇ ತೊಡಕು. ನಿಜವಾದ ನೀರನ್ನು ಹೊಂಡದಲ್ಲಿ ತುಂಬಿದರೆ, ಮೇಲ್ಮೈ ಎಳೆತದ ದೆಸೆಯಿಂದ ಅದು ಅಂಚಿನಲ್ಲಿ ಒಂದೆರಡು ಮಿಲಿಮೀಟರು ಮೇಲೇರುತ್ತದೆ. ಯೋಧನ ಕಣ್ಣಿಗೆ ಅದು 6ರಿಂದ 12 ಸೆಂಟಿಮೀಟರಿನ ನೀರಿನ ಗೋಡೆ! ಆದುದರಿಂದ ಹೊಂಡದ ತಳಕ್ಕೆ ಕೆಂಗಂದು ಬಣ್ಣ ಬಳಿದು, ಮೇಲೆ ಪಾರಕ ವಾರ್ನಿಷನ್ನು ತೆಳುವಾದ ಪದರಗಳಲ್ಲಿ ಹಚ್ಚಬೇಕು. ಒಮ್ಮೆಗೇ ಸುರಿದರೆ ಮೇಲ್ಭಾಗ ಮೊದಲು ಒಣಗಿ ಒಳಗೆ ಹಸಿ ಉಳಿದು ಸುಕ್ಕುಗಟ್ಟುತ್ತದೆ.

642ರಲ್ಲಿ ಏನಿತ್ತು?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ಚೊಳಚಗುಡ್ಡವೆಂದೊಡನೆ ಬನಶಂಕರಿಯ ಗುಡಿ ನೆನಪಾಗುವುದು ಸಹಜ. ಆದರೆ ಈಗ ಕಾಣುವ ಗುಡಿಯ ಕಟ್ಟಡವು 1750ರ ಸುಮಾರಿನದು. ಅದರ ಕಂಬವೊಂದನ್ನು ಚಾಲುಕ್ಯ ಯೋಧನ ಪಕ್ಕದಲ್ಲಿ ನಿಲ್ಲಿಸಿದರೆ ಸಾವಿರದ ನೂರು ವರ್ಷಗಳ ತಪ್ಪಾಗುತ್ತದೆ.

ಗಿಡಗಳ ವಿಷಯದಲ್ಲಿ ಮೋಸಹೋಗುವುದು ಇನ್ನೂ ಸುಲಭ. ಇಂದು ಬಯಲುಸೀಮೆಯಲ್ಲೆಲ್ಲ ಕಾಣುವ ಪಾಪಾಸುಕಳ್ಳಿ, ಲಂಟಾನ, ಬಳ್ಳಾರಿ ಜಾಲಿ ಈ ಮೂರೂ ಅಮೆರಿಕ ಖಂಡಗಳ ಮೂಲದವು. 1492ರಲ್ಲಿ ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆಯೇ ಅವು ಇತ್ತ ಬರಲು ದಾರಿಯಾಯಿತು. ಮೆಣಸಿನಕಾಯಿ, ಮೆಕ್ಕೆಜೋಳ, ಶೇಂಗಾಗಳ ಕಥೆಯೂ ಇದೇ. ನಮ್ಮ ಯೋಧನು ಇವುಗಳಲ್ಲಿ ಒಂದನ್ನೂ ಕಂಡವನಲ್ಲ. ಅವನಿಗೆ ಪರಿಚಿತವಾದುವು ಬೇವು, ಕರಿಜಾಲಿ, ಬೋರೆಯಂತಹ ಗಿಡಗಳು. ಬೇರಿನ ನಾರಿನಿಂದ ಬೋರೆಯ ಪೊದೆಯನ್ನು ಮಾಡಿ, ಸೋಸಿ ಉಳಿದ ಚಹಾಪುಡಿಯನ್ನು ಒಣಗಿಸಿ ಉದುರೆಲೆಗಳಾಗಿ ಚೆಲ್ಲಬಹುದು. ಒಂದು ಮಿಲಿಮೀಟರಿನ ಚೂರು 6 ಸೆಂಟಿಮೀಟರಿನ ಎಲೆಗೆ ಸಮ.

ಇಷ್ಟಾದ ಮೇಲೆ ಯೋಧನನ್ನು ಪೀಠಕ್ಕೆ ಅಂಟಿಸಿ, ತಳದಲ್ಲಿ ಸ್ಥಳ, ವರ್ಷ, ಪ್ರಮಾಣ ಈ ಮೂರನ್ನು ಬರೆಯಬೇಕು. ಬರೆದ ವರ್ಷಕ್ಕೆ ಪೀಠದ ಮೇಲಿನ ಪ್ರತಿಯೊಂದು ಕಲ್ಲೂ ಎಲೆಯೂ ಹೊಂದುವುದೇ ಎಂದು ಒಮ್ಮೆ ಪರೀಕ್ಷಿಸಬೇಕು. ಅದೇ ನೆಲದ ಮೇಲೆ 1760ರ ಸವಾರನೊಬ್ಬನನ್ನು ನಿಲ್ಲಿಸುವುದಾದರೆ ಏನೇನು ಬದಲಾಗಬೇಕು? ಗುಡಿಯ ಕಂಬಕ್ಕೆ ಆಗ ಎಡೆಯುಂಟು; ಮೆಣಸಿನ ಗಿಡಕ್ಕೂ ಉಂಟು. ಬಂಡೆ ಮಾತ್ರ ಹಾಗೆಯೇ ಇರಬೇಕು. ಅದರ ಪಾಲಿಗೆ ಸಾವಿರ ವರ್ಷ ಹೆಚ್ಚಿನ ಕಾಲವೇನೂ ಅಲ್ಲ.