ಮನ್ರೋಲಪ್ಪ ಯಾವ ದೇವರು?

ಪ್ರಶ್ನೆ: ಬಳ್ಳಾರಿ ಕಡೆಯ ನಮ್ಮ ನೆಂಟರ ವಂಶಾವಳಿಯಲ್ಲಿ ‘ಮನ್ರೋಲಪ್ಪ’ ಎಂಬ ಹಿರಿಯರ ಹೆಸರಿದೆ. ಇದು ಯಾವ ದೇವರ ಹೆಸರು?
– ಓದುಗರು, ಹೊಸಮನೆ, ಶಿವಮೊಗ್ಗ

ಉತ್ತರ: ದೇವರಲ್ಲ, ಕಲೆಕ್ಟರು! ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1761ರಲ್ಲಿ ಹುಟ್ಟಿದ ಥಾಮಸ್ ಮನ್ರೋ. ಬಳ್ಳಾರಿ, ಅನಂತಪುರ, ಕಡಪ ಸೀಮೆಯನ್ನು ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟಾಗ ಈತ ಅಲ್ಲಿಗೆ ಬಂದು 1807ರವರೆಗೆ ಆಡಳಿತ ನಡೆಸಿದ. ಪಾಳೆಯಗಾರರನ್ನು ಅಡಗಿಸಿದ, ಹೊಲ ಅಳೆಸಿದ, ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಬೇರೂರಿಸಿದ. ಕಂದಾಯ ಹಗುರವೇನೂ ಇರಲಿಲ್ಲ. ಆದರೂ ಡೇರೆ ಹಾಕಿಕೊಂಡು ಊರೂರು ಸುತ್ತಿ ಅಹವಾಲು ಕೇಳುತ್ತಿದ್ದ ಈ ದೊರೆಯನ್ನು ಜನ ಮೆಚ್ಚಿದರು. ಮಕ್ಕಳಿಗೆ ಅವನ ಹೆಸರಿಟ್ಟು, ಕೊನೆಗೊಂದು ‘ಅಪ್ಪ’ ಸೇರಿಸಿ ನಮ್ಮವನನ್ನಾಗಿ ಮಾಡಿಕೊಂಡರು.

ಇನ್ನು ಅರ್ಥ. ಮನ್ರೋ ಎಂಬುದು ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ ಒಂದು ಕುಲದ ಹೆಸರು. ಐರ್ಲೆಂಡಿನ ರೋ ನದಿಯ ಕಡೆಯಿಂದ ಬಂದವರು ಎಂಬುದು ಪರಂಪರೆಯ ವಿವರಣೆ. ನಮ್ಮಲ್ಲಿ ಹೆಸರಿನ ಹಿಂದೆ ಊರು ಅಂಟಿಕೊಂಡ ಹಾಗೆಯೇ ಅನ್ನಿ. ಈಗ ಅಲ್ಲಿ ಗಂಡುಮಕ್ಕಳಿಗೆ ಇದನ್ನೇ ಹೆಸರಾಗಿಯೂ ಇಡುತ್ತಾರೆ.

ಮನ್ರೋ ಮದರಾಸಿನ ಗವರ್ನರಾಗಿದ್ದಾಗಲೇ, 1827ರಲ್ಲಿ, ಕರ್ನೂಲು ಸೀಮೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ.