ಕೊನೆಯ ಸಂಖ್ಯೆ ಯಾವುದು?

ಗೋಡೆಗಳೆಲ್ಲ ಗಾಜಿನವಾದ ಮನೆಯಲ್ಲಿ ಸಂಸಾರ ಹೂಡುವುದನ್ನು ವಾಚಕರು ಊಹಿಸಬಲ್ಲರೆ? ರಷ್ಯಾದ ಜಮ್ಯಾತಿನ್ ಎಂಬ ಗ್ರಂಥಕರ್ತನು 1920ರ ಸುಮಾರಿನಲ್ಲಿ ಬರೆದ ‘ನಾವು’ ಎಂಬ ವೈಜ್ಞಾನಿಕ ಕಾದಂಬರಿಯಲ್ಲಿ ಮುಂಬರುವ ಕಾಲದ ಪ್ರಜೆಗಳಿಗೆ ಅಂಥ ಬಾಳು. ಅವರಿಗೆ ಹೆಸರಿಲ್ಲ, ಅಂಕಿಗಳುಂಟು. ಉಣ್ಣುವುದಕ್ಕೂ ಮಲಗುವುದಕ್ಕೂ ಗಡಿಯಾರದ ಅಪ್ಪಣೆಯಾಗಬೇಕು! ಹಿಂದೆ ನಡೆದ ಕ್ರಾಂತಿಯೇ ಕಟ್ಟಕಡೆಯದೆಂದು ನಂಬಿದ ಗಣಿತಜ್ಞ ಡಿ-503ನನ್ನು ಐ-330 ಎಂಬ ಹೆಂಗಸು ಕೇಳುತ್ತಾಳೆ: ಹಾಗಾದರೆ ಕೊನೆಯ ಸಂಖ್ಯೆ ಯಾವುದು? ಗಣಿತಜ್ಞನು ತಬ್ಬಿಬ್ಬಾಗುತ್ತಾನೆ.

ಜಗತ್ತಿನಿಂದ ಕಡೆಯ ಅರ್ಥವೊಂದು ದೊರೆಯದಿದ್ದರೂ ಮನುಷ್ಯನು ಮಣಿಯದೆ ಎದುರು ನಿಲ್ಲಬಹುದೆಂದು ಫ್ರೆಂಚ್ ಲೇಖಕ ಕಾಮು 1942ರಲ್ಲಿ ತನ್ನ ಅಸಂಗತ ದರ್ಶನದಲ್ಲಿ ವಾದಿಸಿದನು. ಆ ದಂಗೆಗೆ ಗೆಲುವಿನ ಭರವಸೆ ಬೇಕಿಲ್ಲ. ಐ-330ಳಿಗೂ ಅದು ದೊರೆಯಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಕಲ್ಪನಾಶಕ್ತಿಯನ್ನು ಕಳೆದುಕೊಂಡ ಡಿ-503ನು ನೆಮ್ಮದಿಯಿಂದ ನೋಡುತ್ತಿರುವಂತೆಯೇ, ಅವಳನ್ನು ಗಾಜಿನ ಗೂಡಿನಲ್ಲಿ ಕೂರಿಸಿ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಮೂರು ಸಾರಿ ಹಾಗೆ ಮಾಡಿದರೂ ಅವಳು ಒಂದು ಮಾತನ್ನೂ ಆಡುವುದಿಲ್ಲ.